ಕೌದಿ ಒಗೆದ ದಿನ

ಫೆಬ್ರುವರಿ 3, ಸೋಮವಾರ

ಮೊದಲ ಗುಳಿಗೆಯನ್ನು ಡಾಕ್ಟರ್ ಮೇಡಮ್ ಎದುರಿಗೇ ನುಂಗಿದೆ. ಒಂದು ಗುಟುಕು ನೀರಿನಲ್ಲಿ ಇಳಿದುಹೋಯಿತು. ಉಳಿದವನ್ನು ಬುಧವಾರ ಮನೆಯಲ್ಲಿ ತೆಗೆದುಕೊಳ್ಳಬೇಕು. ಹೊಟ್ಟೆ ನೋಯುತ್ತದೆ, ಮುಟ್ಟಿಗಿಂತ ಜಾಸ್ತಿಯೇ ರಕ್ತ ಹೋಗುತ್ತದೆ, ಹೆದರಬೇಡಿ ಎಂದರು. ತಾಸಿಗೆ ಎರಡು ಪ್ಯಾಡ್ ಪೂರ್ತಿ ತೊಯ್ಯುವಂತಾದರೆ ಮಾತ್ರ ತಡ ಮಾಡದೆ ಬನ್ನಿ ಎಂದೂ ಹೇಳಿದರು.

ಗುಳಿಗೆ ಕೊಡುವ ಮೊದಲು ಕೇಳಿದ್ದರು, "ಇಬ್ಬರೂ ಕೂತು ಮಾತಾಡೀರಿಲ್ಲ?"

ಅಜಿತ ನೆಲ ನೋಡುತ್ತ, "ಆಕಿ ಹೆಂಗ ಅಂತಾಳ ಹಂಗ್ರಿ ಮೇಡಮ್" ಅಂದರು.

ಕೂತು ಮಾತಾಡಿದ್ದೇವೆಯೇ? ಶನಿವಾರ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಆಗಷ್ಟೇ ವೈರಿಂಗ್ ಕೆಲಸದಿಂದ ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದರು. "ಹಿಂಗಾಗೇತಿ ನೋಡ್ರಿ, ಮುಟ್ಟ ನಿಂತೈತಿ" ಅಂದೆ. ಸಪ್ನಾಗೆ ಇನ್ನೂ ಮೂರು ತುಂಬಿಲ್ಲ. ಅವಳನ್ನು ಹೊಟ್ಟೆ ಕೊಯ್ದು ತೆಗೆದದ್ದು. ದೂರದ ಡಿಪೋದಲ್ಲಿ ಕಂಡಕ್ಟರ್ ಆಗಿ ಅಲೆದು ಈಗಷ್ಟೇ ವಿಜಯಪುರಕ್ಕೆ ಬಂದಿದ್ದೇನೆ. ಬೇಡ ಅನ್ನುವುದಕ್ಕೆ ಕಾರಣಗಳನ್ನೆಲ್ಲ ನಾನೇ ಹೇಳಿದೆ. "ನಿನಗ ಹೆಂಗ ಅನಸ್ತೈತಿ ಹಂಗ ಮಾಡು" ಅಂದರು. ಹಂಚಿನ ಮೇಲಿದ್ದ ರೊಟ್ಟಿ ಬೇಯುವುದರೊಳಗೆ ಮಾತು ಮುಗಿದಿತ್ತು.

ಸರಿಯಾದದ್ದನ್ನೇ ಮಾಡುತ್ತಿದ್ದೇನೆ. ಅತ್ತೆಗೆ ಹೇಳಿಲ್ಲ, ಹೇಳಬಾರದು ಎಂದು ಅಜಿತರಿಂದ ಮಾತು ತೆಗೆದುಕೊಂಡಿದ್ದೇನೆ. ಸಪ್ನಾಗೊಬ್ಬ ತಮ್ಮ ಬೇಕು ಎಂದು ವರ್ಷದಿಂದ ಅದೇ ರಾಗ ಅವರದು. ಗೊತ್ತಾದರೆ ಓಣಿಗೆಲ್ಲ ಕೇಳಿಸುವಂತೆ ಕೂಗಾಡುತ್ತಾರೆ.

ಫೆಬ್ರುವರಿ 5, ಬುಧವಾರ

ಇವತ್ತು ನನ್ನ ವಾರದ ರಜೆ. ಅಜಿತ ಬಬಲೇಶ್ವರದಲ್ಲಿ ಹೊಸ ಮನೆಯೊಂದಕ್ಕೆ ವೈರಿಂಗ್ ಹಿಡಿದಿದ್ದಾರೆ. ಹೊರಡುವಾಗ, "ನಾ ಇರಲೇನು?" ಅಂದರು. "ಬ್ಯಾಡ, ಹೋಗ್ರಿ. ನೀವು ಮನ್ಯಾಗ ಕೂತ್ರ ಅತ್ತಿಗೆ ಸಂಶಯ ಬರ್ತೈತಿ" ಅಂದೆ. ಮಾತು ಮುಗಿಯುವುದರೊಳಗೆ ಗಾಡಿ ಚಾಲೂ ಮಾಡಿದರು. ಇನ್ನೊಂದು ಸಲ ಕೇಳಿದ್ದರೆ ಇರ್ರಿ ಅನ್ನುತ್ತಿದ್ದೆನೇನೋ.

ಗುಳಿಗೆ ತೆಗೆದುಕೊಂಡ ಮೇಲೆ ಮಧ್ಯಾಹ್ನದ ಹೊತ್ತಿಗೆ ನೋವು ಶುರುವಾಯಿತು. ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಅಷ್ಟರಲ್ಲಿ ಅತ್ತೆ ಹಿತ್ತಿಲಿನಿಂದ ಕೂಗಿದರು.

"ಗೌತಮಿ, ನಳ ಬಂದಾವ. ಇವತ್ತ ಸುಟಿ ಐತೆಲ್ಲ, ಆ ಎರಡ ಕೌದಿ ಒಗದ ಹಾಕು. ನನ್ನ ಸೊಂಟ ಬಗ್ಗವಲ್ದು."

"ಅತ್ತೀ, ಹೊರಗಾಗೀನ್ರಿ. ಹೊಟ್ಟಿ ಭಾಳ ನೋಯಾಕತ್ತೈತಿ."

"ನಾವೇನ್ ಗಂಡಸೂರಿದ್ವೇನ್ ಬೇ? ಹೊಟ್ಟಿ ನೋವಿನಾಗ ದಿನಾ ಕಬ್ಬ ಕಡೀತಿದ್ವಿ. ನೀರ ಹೋದ್ರ ಮತ್ತ ಮೂರ ದಿನ ಬರಂಗಿಲ್ಲ."

ಇಲ್ಲ ಅನ್ನಬಹುದಿತ್ತು. ಇಲ್ಲ ಅಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಕಲ್ಲಿನ ಮೇಲೆ ಕೂತು ಒಗೆದೆ. ಹಳೆಯ ಸೀರೆಗಳನ್ನು ಪದರ ಹಾಕಿ ಹೊಲಿದ ಕೌದಿ ನೀರು ಕುಡಿದರೆ ಎಷ್ಟು ಭಾರ ಎಂದು ಎತ್ತಿದವರಿಗೇ ಗೊತ್ತು. ಎರಡನೆಯದನ್ನು ಹಿಂಡುವಾಗ ಕಾಲಗುಂಟ ಬಿಸಿಯಾಗಿ ಇಳಿಯಿತು. ಸಾಬೂನಿನ ನೊರೆಯ ಜೊತೆ ಕೆಂಪು ಹರಿದು ಮೋರಿಯ ಕಡೆ ಹೋಯಿತು. ಅತ್ತೆ ನೋಡುವುದರೊಳಗೆ ಒಂದು ಬಕೆಟ್ ನೀರು ಸುರಿದೆ.

ಆಮೇಲೆ ಬಚ್ಚಲಿನಲ್ಲಿ ಬಹಳ ಹೊತ್ತು ಕೂತಿದ್ದೆ. ಒಂದು ದೊಡ್ಡ ರಕ್ತದ ಗಡ್ಡೆ ಹೋಯಿತು. ನೋಡಬಾರದು ಅಂದುಕೊಂಡಿದ್ದೆ, ನೋಡಿದೆ. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಆದರೂ ನೀರು ಹಾಕಲು ಕೈ ಬರಲಿಲ್ಲ. ಅತ್ತೆ ಬಾಗಿಲು ಬಡಿದು, "ಒಳಗ ನಿದ್ದಿ ಹತ್ತೇತೇನ?" ಎಂದು ಕೇಳಿದ ಮೇಲೆ ಹಾಕಿದೆ.

ಸಂಜೆ ಅಜಿತರ ಫೋನು.

"ಆತೇನು?"

"ಆತು."

"ಆರಾಮ ಅದಿಯಿಲ್ಲ?"

"ಹೂಂ."

"ಪಾಯಿಂಟ್ ಹಾಕಾಕತ್ತೇನಿ, ಇಡ್ತೀನಿ."

ಕೆಲಸ ಮುಗಿಯಿತು. ಇನ್ನು ಇದನ್ನು ಮರೆಯಬೇಕು.

ಫೆಬ್ರುವರಿ 7, ಶುಕ್ರವಾರ

ನಿನ್ನೆ ಜ್ವರ ಎಂದು ಫೋನ್ ಮಾಡಿ ಎರಡು ದಿನ ಮನೆಯಲ್ಲೇ ಉಳಿದೆ. ರಕ್ತ ಕಡಿಮೆಯಾಗಿದೆ. ವಾಂತಿಯ ಸಂಕಟ ನಿಂತಿದೆ. ಅದು ನಿಂತಿದ್ದಕ್ಕೆ ಹಗುರಾಯಿತು. ಆಮೇಲೆ, ಅದು ಯಾಕೆ ನಿಂತಿತು ಎಂದು ನೆನಪಾಗಿ ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು.

ಅಜಿತ ಒಂದು ಚೀಲ ಚಿಕ್ಕು ತಂದು ನನ್ನ ಹತ್ತಿರ ಇಟ್ಟರು. "ಇನ್ನೊಂದ ನಾಕ ದಿನ ಸುಟಿ ಹಾಕು" ಅಂದರು. ಏನೆಂದು ಹೇಳಿ ಹಾಕಲಿ? ಡಿಪೋದಲ್ಲಿ ಗೊತ್ತಾಗುವುದು ನನಗೆ ಬೇಡ. ನಾಳೆಯಿಂದ ಡ್ಯೂಟಿಗೆ ಹೋಗುತ್ತೇನೆ.

ಫೆಬ್ರುವರಿ 9, ಭಾನುವಾರ

ನಿಲ್ಲುವುದೇ ಕಷ್ಟ. ತಿಕೋಟಾ ದಾಟಿ ಕಳ್ಳಕವಟಗಿಯವರೆಗೂ ಬಸ್ ತುಂಬ ದ್ರಾಕ್ಷಿ ತೋಟಕ್ಕೆ ಹೋಗುವ ಹೆಂಗಸರು. ಇದು ದ್ರಾಕ್ಷಿ ಕೊಯ್ಲಿನ ಕಾಲ. ಅವರ ನಡುವೆ ನುಗ್ಗಿ ನುಗ್ಗಿ ಟಿಕೆಟ್ ಕೊಡಬೇಕು. ನಿನ್ನೆಗಿಂತ ಇವತ್ತು ಜಾಸ್ತಿ ಹೋಗುತ್ತಿದೆ. ತಿಕೋಟಾ ನಿಲ್ದಾಣದಲ್ಲಿ ಪ್ಯಾಡ್ ಬದಲಿಸಿದೆ, ವಾಪಸು ಬರುವಾಗ ಮತ್ತೆ ಬದಲಿಸಿದೆ. ಡಾಕ್ಟರ್ ಹೇಳಿದ್ದು ನೆನಪಿದೆ. ನಾಳೆ ಡ್ಯೂಟಿ ಮುಗಿಸಿ ಹೋಗಿ ತೋರಿಸುತ್ತೇನೆ.

ಫೆಬ್ರುವರಿ 13, ಗುರುವಾರ

ನಿನ್ನೆ ದವಾಖಾನೆಯಿಂದ ಮನೆಗೆ ಬಂದೆ. ಮಲಗಿಕೊಂಡು ಬರೆಯುವುದು ಕಷ್ಟ. ಆದರೂ ಬರೆದಿಡುತ್ತೇನೆ.

ಸೋಮವಾರ ಬೆಳಗಿನ ಟ್ರಿಪ್ಪು. ತಿಕೋಟಾ ಬಿಟ್ಟ ಮೇಲೆ ಕಿವಿಯಲ್ಲಿ ಗುಂಯ್ ಅನ್ನತೊಡಗಿತು. ಟಿಕೆಟ್ ಮಷಿನ್ ಮೇಲಿನ ಅಕ್ಷರ ಕಾಣಲಿಲ್ಲ. ಕಂಬ ಹಿಡಿದು ನಿಂತೆ. ಹಿಂದಿನಿಂದ ಒಬ್ಬ ಹೆಂಗಸು ನನ್ನ ಸೊಂಟ ಬಳಸಿ ಹಿಡಿದು ಕಿವಿಯಲ್ಲಿ ಹೇಳಿದಳು, "ಯವ್ವಾ, ನಿನ್ನ ಬಟ್ಟಿ ಎಲ್ಲಾ ತೊಯ್ದೈತಿ. ಕೂಡು, ಕೂಡು."

ತಿಕೋಟಾದಿಂದ ದಿನಾ ಹತ್ತುವ ರಾಜಬಿ ಅವಳು. ಮುಖ ಗೊತ್ತಿತ್ತು, ಹೆಸರು ಅವತ್ತೇ ಗೊತ್ತಾದದ್ದು. ನನ್ನನ್ನು ಸೀಟಿನ ಮೇಲೆ ಅಡ್ಡ ಮಲಗಿಸಿ ತನ್ನ ಹೊದಿಕೆ ಬಿಚ್ಚಿ ಸೊಂಟಕ್ಕೆ ಸುತ್ತಿದಳು. ಸುತ್ತಲಿದ್ದ ಹೆಂಗಸರು ಯಾರೂ ಹೇಳದೆ ಗಂಡಸರ ಕಡೆ ಬೆನ್ನು ಮಾಡಿ ಗೋಡೆಯಂತೆ ನಿಂತರು. ನಮ್ಮ ಡ್ರೈವರ್ ರಸೂಲಸಾಬ ಕಾಕಾ ಬಸ್ ನಿಲ್ಲಿಸಿ, "ನಮ್ಮ ಹುಡಿಗಿಗೆ ಆರಾಮಿಲ್ರಿ. ಗಾಡಿ ತಿಕೋಟಾಕ್ಕ ಹೊಳ್ಳಸ್ತೀನಿ. ಯಾರೂ ಬ್ಯಾಸರ ಮಾಡ್ಕೋಬ್ಯಾಡ್ರಿ" ಅಂದರು. ಕೆಲಸಕ್ಕೆ ತಡವಾದರೆ ತೋಟದಲ್ಲಿ ಬೈಸಿಕೊಳ್ಳುವ ಹೆಂಗಸರವರು. ಒಬ್ಬರೂ ತುಟಿ ಬಿಚ್ಚಲಿಲ್ಲ.

ತಿಕೋಟಾದಿಂದ ಆಂಬುಲೆನ್ಸಿನಲ್ಲಿ ವಿಜಯಪುರಕ್ಕೆ ಬಂದೆ. ರಾಜಬಿ ಅವತ್ತಿನ ಕೂಲಿ ಬಿಟ್ಟು ನನ್ನ ಜೊತೆ ಬಂದಳು. ದಾರಿಯಲ್ಲಿ ಕೇಳಿದಳು, "ಹೊಟ್ಟೀಲೆ ಇದ್ದೇನವ್ವಾ?" ನಾನು ಗೋಣು ಹಾಕಿದೆ. ಮತ್ತೇನೂ ಕೇಳಲಿಲ್ಲ, ನನ್ನ ಕೈ ಬಿಡಲೂ ಇಲ್ಲ.

ಒಳಗೆ ಸ್ವಲ್ಪ ಉಳಿದುಕೊಂಡಿತ್ತಂತೆ. ಅದನ್ನು ತೆಗೆದು, ರಕ್ತ ಏರಿಸಿದರು. ಮೇಡಮ್ ನನ್ನನ್ನು ಬೈಯಲಿಲ್ಲ. "ಹಿಂಗ ಒಬ್ಬೊಬ್ಬರಿಗೆ ಆಗ್ತೈತಿ, ಇದು ನಿನ್ನ ತಪ್ಪಲ್ಲ. ಆದ್ರ ನಿನ್ನೆನ ಬರಬೇಕಿತ್ತು" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಅಜಿತ ಬಬಲೇಶ್ವರದಿಂದ ಬಂದಾಗ ಅವರ ಕೈಯಲ್ಲಿ ಇನ್ನೂ ಸ್ಕ್ರೂಡ್ರೈವರ್ ಇತ್ತು. ಅತ್ತೆ ಸಪ್ನಾಳನ್ನು ಎತ್ತಿಕೊಂಡು ಬಂದರು. ನನ್ನ ಮುಖ ನೋಡಿದರು, ತೂಗುಹಾಕಿದ ರಕ್ತದ ಚೀಲ ನೋಡಿದರು.

"ಎಷ್ಟ ದಿನದ್ದಿತ್ತು?"

ನಾನು ಬಾಯಿ ತೆರೆಯುವ ಮೊದಲೇ ಅಜಿತ ಹೇಳಿದರು, "ಬಿದ್ದು ಹೋತವ್ವಾ. ನಮಗೂ ಗೊತ್ತಿರಲಿಲ್ಲ."

ನಾನು ಕಣ್ಣು ಮುಚ್ಚಿಕೊಂಡೆ. ಆ ಹೊತ್ತಿಗೆ ಅದು ದೊಡ್ಡ ಉಪಕಾರ ಅನ್ನಿಸಿತು.

ಫೆಬ್ರುವರಿ 16, ಭಾನುವಾರ

ಅತ್ತೆ ನನಗೆ ಬಾಣಂತನ ಮಾಡುತ್ತಿದ್ದಾರೆ. ಬೇರೆ ಶಬ್ದವಿಲ್ಲ ಇದಕ್ಕೆ. ಬಿಸಿ ನೀರು ಕಾಯಿಸಿ ಮೈ ತೊಳೆಯುತ್ತಾರೆ, ತಲೆಗೆ ಬಟ್ಟೆ ಕಟ್ಟುತ್ತಾರೆ, ಬಾಣಂತಿಯರಿಗೆ ಕೊಡುವ ಅಳವಿ ಕಾಳಿನ ಪಾಯಸ ಮಾಡಿ ತಂದು ಎದುರಿಗೆ ಕೂತು ಕುಡಿಸುತ್ತಾರೆ. "ಹುಟ್ಟಲಿಲ್ಲಂದ್ರೂ ಮೈ ಹಸೀನ ಬೇ" ಅನ್ನುತ್ತಾರೆ. ನಿನ್ನೆ ಸಂಜೆ ಬುದ್ಧನ ಫೋಟೋದ ಮುಂದೆ ದಿನದ ಮೇಣಬತ್ತಿಯ ಪಕ್ಕದಲ್ಲಿ ಇನ್ನೊಂದು ಸಣ್ಣದನ್ನು ಹಚ್ಚಿದರು. ಯಾರಿಗೆ ಎಂದು ಹೇಳಲಿಲ್ಲ.

ಇವತ್ತು ಪಾಯಸ ಗಂಟಲಲ್ಲಿ ಇಳಿಯಲಿಲ್ಲ.

"ಯಾಕ? ಬೆಲ್ಲ ಕಡಿಮ್ಯಾಗೇತೇನು?"

"ಅತ್ತೀ, ಅದು ಬಿದ್ದಿಲ್ರಿ. ನಾನ ಗುಳಿಗಿ ತಗೊಂಡೆ."

ಬಾಯಿಂದ ಬಂದ ಮೇಲೆ ನನಗೇ ಗಾಬರಿಯಾಯಿತು. ಓಣಿಗೆಲ್ಲ ಕೇಳುವಂತೆ ಕೂಗುತ್ತಾರೆ ಎಂದು ಕಾದೆ. ಕೂಗಲಿಲ್ಲ. ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಅಡುಗೆಮನೆಗೆ ಹೋದರು. ಅದನ್ನು ತೊಳೆದು ಬೋರಲು ಹಾಕಿದ ಸದ್ದು ಕೇಳಿಸಿತು.

ಫೆಬ್ರುವರಿ 17, ಸೋಮವಾರ

ಅತ್ತೆ ಕಾಖಂಡಕಿಗೆ, ತಂಗಿಯ ಮನೆಗೆ ಹೋದರು. ಸಪ್ನಾಗೆ ಜಡೆ ಹಾಕಿ, ಅವಳ ಕೈಗೆ ಬಿಸ್ಕಿಟ್ ಕೊಟ್ಟು ಹೋದರು. ನನಗೆ ಹೇಳಲಿಲ್ಲ.

ಅಜಿತ ಸಿಟ್ಟಾದರು. "ಯಾಕ ಹೇಳಿದಿ? ನಾ ಎಲ್ಲಾ ಮುಚ್ಚಿದ್ನೆಲ್ಲ?"

"ನಾಕ ದಿನ ಉಂಡ್ನಿ. ಇನ್ನ ಉಣ್ಣಾಕ ಆಗಲಿಲ್ರಿ."

"ಏನನ್ನ?"

ಅವರಿಗೆ ಅರ್ಥವಾಗಲಿಲ್ಲ.

ಫೆಬ್ರುವರಿ 21, ಶುಕ್ರವಾರ

ಈಗ ಕಂದು ಬಣ್ಣದ್ದು ಅಷ್ಟೇ, ಅದೂ ಆಗೊಮ್ಮೆ ಈಗೊಮ್ಮೆ. ಮೈ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿದೆ. ಕಬ್ಬಿಣಾಂಶದ ಗುಳಿಗೆಯಿಂದ ಬಾಯಲ್ಲಿ ತುಕ್ಕಿನ ರುಚಿ.

ಸಪ್ನಾ ದಿನವೂ ಅಜ್ಜಿಯನ್ನು ಹುಡುಕುತ್ತ, "ಆಯಿ ಎಲ್ಲಿ?" ಎಂದು ಕೇಳುತ್ತಾಳೆ. ಅಜಿತ ಬೆಳಿಗ್ಗೆ ಅನ್ನ ಸಾರು ಮಾಡಿಟ್ಟು, ಅವಳನ್ನು ಅಂಗನವಾಡಿಗೆ ಬಿಟ್ಟು ಬಬಲೇಶ್ವರಕ್ಕೆ ಹೋಗುತ್ತಾರೆ. ಮನೆಯಲ್ಲಿ ನಾನೊಬ್ಬಳೇ. ಗುಳಿಗೆ ತೆಗೆದುಕೊಳ್ಳದಿದ್ದರೆ ಇಷ್ಟೊತ್ತಿಗೆ ಎಷ್ಟು ವಾರ ಆಗಿರುತ್ತಿತ್ತು ಎಂದು ಬೇಡವೆಂದರೂ ಲೆಕ್ಕ ಬರುತ್ತದೆ. ಹಾಗಾದರೆ ಮಗು ಬೇಕಿತ್ತೇ ನನಗೆ? ಬೇಕಿರಲಿಲ್ಲ. ಹಾಗಾದರೆ ಈ ಅಳು ಯಾತಕ್ಕೆ? ಬೇಡದ್ದಕ್ಕೂ ಅಳಬಹುದು ಎಂದು ಯಾರೂ ನನಗೆ ಹೇಳಿರಲಿಲ್ಲ.

ಫೆಬ್ರುವರಿ 24, ಸೋಮವಾರ

ಮಧ್ಯಾಹ್ನ ಅತ್ತೆ ಬಂದರು. ಚೀಲದಲ್ಲಿ ಕಾಖಂಡಕಿಯ ಹಸಿ ಕಡಲೆಗಿಡ. ಸಪ್ನಾ ಓಡಿಹೋಗಿ ಕಾಲಿಗೆ ತೊಡರಿಕೊಂಡಳು. ನಾನು ಎದ್ದು ನೀರು ಕೊಟ್ಟೆ. ಕುಡಿದು, ಗೋಡೆಗೆ ಒರಗಿ ಕೂತು ಬಹಳ ಹೊತ್ತು ಕಡಲೆ ಸುಲಿದರು. ನಾನೂ ಎದುರಿಗೆ ಕೂತು ಸುಲಿದೆ.

"ಕೌದಿ ಒಗದ್ಯೆಲ್ಲ, ಅವತ್ತೇನು?" ಎಂದು ತಲೆ ಎತ್ತದೆ ಕೇಳಿದರು.

"ಹೂಂನ್ರಿ."

"ಎರಡೂ ಒಗಸಿದೆ ನಾ ನಿನ್ನ ಕಡೆ. ಬಚ್ಚಲ ಬಾಗಲಾ ಬ್ಯಾರೆ ಬಡದೆ."

ನಾನು ಇನ್ನೊಂದು ಗಿಡ ಎಳೆದುಕೊಂಡೆ.

"ನನಗ ಹೇಳಬೇಕಿತ್ತು ಗೌತಮಿ."

"ಹೇಳಿದ್ರ ಬ್ಯಾಡ ಅಂತಿದ್ರಿ ಅತ್ತೀ."

"ಅಂತಿದ್ದೆ. ಖರೇ. ಜಗಳಾನೂ ಆಡ್ತಿದ್ದೆ, ಅಳ್ತಿದ್ದೆ. ಆದ್ರ ಕೌದಿ ಒಗಸ್ತಿರಲಿಲ್ಲ."

ಕಡಲೆಯ ಕೈಯನ್ನೇ ಕಣ್ಣಿಗೆ ಒತ್ತಿಕೊಂಡರು. ಹಸಿ ಕಡಲೆಯ ಹುಳಿ ತಾಗಿ ಇನ್ನಷ್ಟು ನೀರು ಬಂತು. ನಾನು ಸೆರಗಿನಿಂದ ಒರೆಸಲು ಹೋದರೆ ಕೈ ತಳ್ಳಿದರು. ಎರಡನೆಯ ಸಲ ತಳ್ಳಲಿಲ್ಲ. ಅಜಿತರ ಮೊದಲು ಅವರಿಗೂ ಒಂದು ಹೋಗಿತ್ತಂತೆ, ಕಬ್ಬಿನ ಹೊಲದಲ್ಲೇ. ಅದು ತಾನಾಗಿಯೇ ಹೋದದ್ದು. ಸಾಯಂಕಾಲದವರೆಗೂ ಕಬ್ಬು ಕಡಿದು ಮನೆಗೆ ಬಂದರಂತೆ. "ಅವತ್ತ ನಮ್ಮತ್ತಿಗೆ ನಾ ಏನೇನ್ ಬೈದಿದ್ದೆ ಮನಸಿನ್ಯಾಗ! ನೀನೂ ಹಂಗ ಬೈದಿರಬೇಕು ನನಗ."

"ಬೈದಿದ್ನಿರಿ" ಅಂದೆ.

ಇದ್ದಕ್ಕಿದ್ದಂತೆ ನಕ್ಕರು. ಆಮೇಲೆ ಮತ್ತೆ ಅತ್ತರು. ಸಂಜೆ ಕಡಲೆಯ ಪಲ್ಯ ಮಾಡಿದರು. ಉಪ್ಪು ಜಾಸ್ತಿಯಾಗಿತ್ತು. ಇಬ್ಬರೂ ಉಂಡೆವು.

ಮಾರ್ಚ್ 6, ಗುರುವಾರ

ಮೇಡಮ್ ನೋಡಿ, ಒಳಗೆ ಏನೂ ಉಳಿದಿಲ್ಲ, ರಕ್ತ ಏರುತ್ತಿದೆ, ಇನ್ನೊಂದು ವಾರ ಬಿಟ್ಟು ಕೆಲಸಕ್ಕೆ ಹೋಗಬಹುದು ಎಂದರು. ಮುಂದೆ ಮಕ್ಕಳಾಗಲು ಇದರಿಂದ ತೊಂದರೆ ಇಲ್ಲ ಎಂದೂ ಹೇಳಿದರು. ಕೇಳಿದ್ದು ಅತ್ತೆ. ಅವರೇ ಜೊತೆಗೆ ಬಂದಿದ್ದರು.

ಬರುವಾಗ ಡಿಪೋಗೆ ಹೋಗಿ ದವಾಖಾನೆಯ ಕಾಗದ ಕೊಟ್ಟೆ. ಡ್ಯೂಟಿ ಹಾಕುವ ಅಮರಪ್ಪ ಓದಿ ಮಡಚಿ, "ಅವತ್ತ ಜ್ವರ ಅಂದ್ಯೆಲ್ಲವಾ. ಇಂಥಾದ್ದಕ್ಕ ಸುಟಿ ಐತಿ, ಕೇಳಿದ್ರ ಕೊಡ್ತಿದ್ವಿ" ಅಂದರು. ಅಷ್ಟೇ. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಇದಕ್ಕೆ ಹೆದರಿಯೇ ನಾನು ಬಸ್ಸಿನಲ್ಲಿ ಬಿದ್ದದ್ದು.

ಮಾರ್ಚ್ 17, ಸೋಮವಾರ

ಮತ್ತೆ ಡ್ಯೂಟಿ. ಸಂಜೆಗೆ ಸೊಂಟ ಹಿಡಿದುಕೊಂಡಿತು, ಮತ್ತೇನಿಲ್ಲ. ತಿಕೋಟಾದಲ್ಲಿ ರಾಜಬಿ ಹತ್ತಿದಳು. ಒಗೆದು ಇಸ್ತ್ರಿ ಮಾಡಿದ ಅವಳ ಹೊದಿಕೆ ಕೊಟ್ಟೆ. ರೋಜಾ ಉಪವಾಸದಲ್ಲಿ ಬಾಯಿ ಒಣಗಿದ್ದರೂ ಬಸ್ ತುಂಬ ಕೇಳುವಂತೆ, "ಈಗ ಹೆಂಗೈತವ್ವಾ? ನಿಂತೈತಿಲ್ಲ?" ಎಂದು ಕೇಳಿದಳು. "ರಕ್ತ ನಿಂತೈತಿ ಅಕ್ಕಾ. ಅವತ್ತ ನೀ ಇರದಿದ್ರ ನಾ ಇರತಿರಲಿಲ್ಲ" ಅಂದೆ. ಇಳಿಯುವಾಗ ಪಕ್ಕದವಳೊಬ್ಬಳು ಏನಾಗಿತ್ತು ಎಂದು ಕೇಳಿದಳು. ಹೇಳಿದೆ. ನಾಳೆ ಬೆಳಗಿನ ಟ್ರಿಪ್ಪೇ ಬಿದ್ದಿದೆ, ಬೇಗ ಮಲಗಬೇಕು.

ಮಾರ್ಚ್ 28, ಶುಕ್ರವಾರ

ಈ ವಾರ ನಮ್ಮನ್ನು ಬಬಲೇಶ್ವರ, ಮಮದಾಪುರದ ದಾರಿಗೆ ಹಾಕಿದ್ದಾರೆ. ಮಧ್ಯಾಹ್ನ ಬಬಲೇಶ್ವರದಲ್ಲಿ ಬಸ್ ನಿಂತಾಗ ಅಜಿತ ಹತ್ತಿದರು. ಕೈಯಲ್ಲಿ ಸಾಮಾನಿನ ಚೀಲವಿರಲಿಲ್ಲ. ಟಿಕೆಟ್ ಎಲ್ಲಿಗೆ ಎಂದು ಕೇಳಬೇಕಾಯಿತು.

"ಮಮದಾಪುರ."

"ಅಲ್ಲಿ ಕೆಲಸ ಐತೇನ್ರಿ?"

"ಇಲ್ಲ."

ಮಮದಾಪುರದಲ್ಲಿ ಬಸ್ ಸ್ವಲ್ಪ ಹೊತ್ತು ನಿಲ್ಲುತ್ತದೆ. ರೋಜಾ ಇದ್ದ ರಸೂಲಸಾಬ ಕಾಕಾ ಹಿಂದಿನ ಸೀಟಿನಲ್ಲಿ ಅಡ್ಡಾದರು. ನಾವು ಕೆರೆಯ ಏರಿಯ ಮೇಲೆ ಕೂತೆವು. ಆಚೆ ದಂಡೆಯಲ್ಲಿ ಕುರಿಗಳು ನೀರಿಗೆ ಇಳಿದಿದ್ದವು. ಅಜಿತ ಸಣ್ಣ ಸಣ್ಣ ಹರಳು ಆಯ್ದು ಕೈಯಲ್ಲಿ ಇಟ್ಟುಕೊಂಡರು, ಎಸೆಯಲಿಲ್ಲ.

"ಅವತ್ತ ಮೇಡಮ್ ಕೇಳಿದ್ರೆಲ್ಲ, ಮಾತಾಡೀರೇನು ಅಂತ. ನನಗ ಬೇಕಿತ್ತು ಗೌತಮಿ. ಬಾಯಿ ತನಕ ಬಂದಿತ್ತು."

"ಮತ್ತ ಯಾಕ ಅನ್ನಲಿಲ್ಲ?"

"ಹೊಟ್ಟಿ ನಿಂದು, ಗಾಯ ನಿಂದು, ಕೆಲಸ ನಿಂದು. ನನಗ ಬೇಕು ಅಂದ್ರ ನಿನ್ನ ಮ್ಯಾಲ ಜುಲುಮಿ ಮಾಡಿದಂಗಾಗ್ತೈತಿ ಅಂತ ಸುಮ್ನಾದೆ. ಒಳ್ಳೇದ ಮಾಡಾಕತ್ತೇನಿ ಅಂದ್ಕೊಂಡಿದ್ದೆ."

"ನಿಮಗ ಬ್ಯಾಡಾಗೇತಿ, ಅದಕ್ಕ ಸುಮ್ನ ಅದಾರ ಅಂತ ತಿಳ್ಕೊಂಡೆ ನಾ."

ಅವರು ನನ್ನ ಕಡೆ ತಿರುಗಿದರು. "ನಾ ಅಂದಿದ್ರ ಇಟಗೋತಿದ್ದೇನು?"

ಸುಳ್ಳು ಹೇಳಬಹುದಿತ್ತು. ಹೂಂ ಅಂದರೂ ಅವರಿಗೆ ನೋವು, ಇಲ್ಲ ಅಂದರೂ ನೋವು.

"ಇಲ್ರಿ. ಅಂದಿದ್ರೂ ಗುಳಿಗಿ ತಗೋತಿದ್ದೆ. ಆದ್ರ ಅವತ್ತ ನೀವು ಬಬಲೇಶ್ವರಕ್ಕ ಹೋಗ್ತಿರಲಿಲ್ಲ. ಇಬ್ಬರೂ ಕೂಡಿ ಅಳ್ತಿದ್ವಿ."

ಅಜಿತ ತಲೆ ತಗ್ಗಿಸಿದರು. ಮದುವೆಯಾದಾಗಿನಿಂದ ಅವರು ಅಳುವುದನ್ನು ನೋಡಿರಲಿಲ್ಲ. ಹೆಗಲು ಮಾತ್ರ ಅಲುಗುತ್ತಿತ್ತು, ಸದ್ದಿಲ್ಲ. ಸಮಾಧಾನ ಮಾಡಬೇಕು ಅನ್ನಿಸಲಿಲ್ಲ. ಯೂನಿಫಾರ್ಮಿನಲ್ಲಿಯೇ ಅವರ ಪಕ್ಕಕ್ಕೆ ಸರಿದು ಕೂತೆ.

ಕಾಕಾ ಹಾರ್ನ್ ಹೊಡೆದರು. ವಾಪಸು ಬಂದಾಗ ಜನ ಹತ್ತಿ ಕೂತಿದ್ದರು. ಅಜಿತ ಕಿಟಕಿಯ ಕಡೆ ಮುಖ ಮಾಡಿ ಕೂತರು. ಬಾಗಿಲು ಎಳೆದುಕೊಂಡು "ರೈಟ್" ಅನ್ನಬೇಕು. ಎರಡು ಸಲ ಪ್ರಯತ್ನಿಸಿದರೂ ದನಿ ಹೊರಡಲಿಲ್ಲ. ಕಾಕಾ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಆಮೇಲೆ ನನ್ನ ಮಾತಿಗೆ ಕಾಯದೆ, ನಿಧಾನಕ್ಕೆ ಬಸ್ ಬಿಟ್ಟರು.